ಕಣದಿಂದ ಕಣಕ್ಕೆ: ಕಾಫಿ ಸೀಮೆಯಲ್ಲಿ ನನ್ನ ಗ್ರಾವೆಲ್ ಸೈಕಲ್ ದಾರಿಗಳು

ಸಕಲೇಶಪುರ, ಚಿಕ್ಕಮಗಳೂರು ಕಡೆ ಗ್ರಾವೆಲ್ ಸೈಕಲ್ (ಡಾಂಬರಿನಲ್ಲೂ ಮಣ್ಣು ದಾರಿಯಲ್ಲೂ ಓಡುವ, ಕೊಂಚ ಅಗಲ ಟೈರಿನ ಸೈಕಲ್) ತುಳಿಯೋಕೆ ಬರ್ತೀವಿ, ಜಿಪಿಎಸ್‌ಗೆ ಹಾಕಿಕೊಳ್ಳೋ ರೂಟ್ ಫೈಲ್ ಇದ್ದರೆ ಕಳಿಸಿ ಅಂತ ತುಂಬಾ ಜನ ಕೇಳುತ್ತಾರೆ. ನಾನು ಕಳಿಸುವುದಿಲ್ಲ. ಜಿಪುಣತನ ಅಂದುಕೊಳ್ಳಬೇಡಿ. ನಮ್ಮ ಕಡೆಯ ಒಳ್ಳೊಳ್ಳೆ ಮಣ್ಣು ರಸ್ತೆಗಳೆಲ್ಲ ಯಾರದೋ ತೋಟದೊಳಗೆ ಹೋಗುತ್ತವೆ, ಏಪ್ರಿಲ್‌ನಲ್ಲಿ ತೆರೆದಿದ್ದ ಗೇಟಿಗೆ ಡಿಸೆಂಬರಿನಲ್ಲಿ ಬೀಗ ಬಿದ್ದಿರುತ್ತದೆ, ಹೋದ ವಾರ ಆರಾಮಾಗಿ ಹೋಗಿಬಂದ ದಾರಿಯಲ್ಲಿ ಈ ವಾರ ಆನೆ ಹಿಂಡು ಬೀಡುಬಿಟ್ಟಿರುತ್ತದೆ. ಫೈಲಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಅದಕ್ಕೇ ನಾನು ದಾರಿ ಹುಡುಕುವುದು ಹೇಗೆ ಅಂತ ಬರೆಯುತ್ತೇನೆ.

ಗ್ರಾವೆಲ್ ಸೈಕಲ್ಲೇ ಯಾಕೆ? ಇಲ್ಲಿ ಒಂದೇ ಬೆಳಗ್ಗೆ ಡಾಂಬರು, ಪಂಚಾಯ್ತಿ ಕಾಂಕ್ರೀಟು, ಕೆಮ್ಮಣ್ಣು, ದಪ್ಪ ಜಲ್ಲಿ, ಮತ್ತೆ ಡಾಂಬರು ಎಲ್ಲ ಬರುತ್ತದೆ. ರೋಡ್ ಸೈಕಲ್ಲು ಜಲ್ಲಿಯಲ್ಲಿ ಕೈ ಕೊಡುತ್ತದೆ, ಎಂಟಿಬಿ, ಅಂದರೆ ಮೌಂಟನ್ ಬೈಕು, ಡಾಂಬರಿನಲ್ಲಿ ಸುಮ್ನೆ ಸುಸ್ತು ಮಾಡುತ್ತದೆ. ಅಷ್ಟೇ ವಿಷಯ.

ಮೊದಲ ಕೆಲಸ ಮನೆಯಲ್ಲಿ, ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೇಗೂ ತೋಟದ ದಾರಿಗಳಲ್ಲಿ ಸೈಕಲ್ ಓಡಿಸುವ ಮಾತಿಲ್ಲ. ಆಗ ಉಪಗ್ರಹ ಚಿತ್ರ ತೆಗೆದು ಕೂರುತ್ತೇನೆ. ಆದರೆ ನಮ್ಮ ಕಾಫಿ ಬೆಳೆಯುವುದು ನೆರಳಿನಲ್ಲಿ ಅಲ್ವಾ, ಮೇಲಿಂದ ನೋಡಿದರೆ ಬರೀ ಸಿಲ್ವರ್ ಓಕಿನ ತಲೆ ಕಾಣುತ್ತದೆ, ಕೆಳಗಿನ ರಸ್ತೆ ಕಾಣುವುದೇ ಇಲ್ಲ. ಸ್ಪಷ್ಟವಾಗಿ ಕಾಣುವುದು ಕಾಫಿ ಒಣಗಿಸುವ ಕಣ. ಬೋಳಾಗಿ, ಚೌಕಾಕಾರವಾಗಿ ಇರುತ್ತದೆ. ಪಕ್ಕದಲ್ಲಿ ತೋಟದ ಆಳುಗಳ ಲೈನ್ ಮನೆಗಳ ಹೆಂಚು, ಒಂದು ಕೆರೆ. ಕಣ ಇದ್ದ ಮೇಲೆ ಅಲ್ಲಿಂದ ಮೂಟೆ ಹೊರಗೆ ಬರಬೇಕು, ಅಂದರೆ ಲಾರಿಯೋ ಟ್ರ್ಯಾಕ್ಟರೋ ಹೋಗುವ ದಾರಿ ಇದ್ದೇ ಇರುತ್ತದೆ. ಗುಡ್ಡದ ಈ ಕಡೆ ಒಂದು ಕಣ, ಆ ಕಡೆ ಒಂದು ಕಣ ಸಿಕ್ಕಿದರೆ ನಡುವೆ ಜೀಪ್ ರಸ್ತೆ ಇರಬಹುದು ಅಂತ ಗುರುತು ಹಾಕಿಕೊಳ್ಳುತ್ತೇನೆ. ನನ್ನ ನಕ್ಷೆ ಅಂದರೆ ಹೀಗೆ ಕಣದಿಂದ ಕಣಕ್ಕೆ ಎಳೆದ ಗೆರೆಗಳು. ಅರ್ಧ ಗೆರೆಗಳು ಸುಳ್ಳು.

ಯಾವುದು ಸುಳ್ಳು, ಯಾವುದು ನಿಜ ಅನ್ನೋದನ್ನ ಕೇಳಿಯೇ ತಿಳಿಯಬೇಕು. ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. "ಈ ಕಡೆಯಿಂದ ದಾರಿ ಇದೆಯಾ?" ಅಂದರೆ ಮಲೆನಾಡಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ, ನಡೆದುಕೊಂಡು ಹೋಗೋಕೆ ಎಲ್ಲ ಕಡೆ ದಾರಿ ಇದ್ದೇ ಇದೆ. ನಾನು ಕೇಳುವುದು "ಏನು ಗಾಡಿ ಹೋಗ್ತದೆ?" ಅಂತ. ಪಿಕಪ್ ಹೋಗುತ್ತೆ ಅಂದರೆ ಕಣ್ಣು ಮುಚ್ಚಿ ಹೋಗಬಹುದು. ಟ್ರ್ಯಾಕ್ಟರ್ ಅಂದರೆ ಎರಡು ಆಳದ ಗಾಲಿ ಜಾಡು, ನಡುವೆ ಹುಲ್ಲು, ಪೆಡಲ್ ತಾಗುತ್ತದೆ. "ಐತೆ ಸಾರ್, ಜೀಪಷ್ಟೇ ಹೋಗದು" ಅಂದರೆ ಕಾಲುಭಾಗ ತಳ್ಳಿಕೊಂಡು ಹೋಗಲು ಸಿದ್ಧವಾಗಿರಬೇಕು. ತೋಟದ ಲೆಕ್ಕ ನೋಡುವ ರೈಟರು, ಹಾಲಿನ ಗಾಡಿಯವರು, ಗೂಡಂಗಡಿಯವರು, ಈ ಮೂರು ಜನ ಹೇಳಿದ್ದು ಹೆಚ್ಚೂಕಡಿಮೆ ತಪ್ಪುವುದಿಲ್ಲ. ದಾರಿ ಹೇಳಿದ ಮೇಲೆ ಸೈಕಲ್ ಬೆಲೆ ಕೇಳೇ ಕೇಳುತ್ತಾರೆ. ನಾನು ಯಾವಾಗಲೂ ಅರ್ಧ ಹೇಳುತ್ತೇನೆ, ಆದರೂ "ಇನ್ನೊಂಚೂರು ಹಾಕಿದ್ರೆ ಒಂದು ಬುಲೆಟ್ಟೇ ಬರ್ತಿತ್ತಲ್ಲ ಸಾರ್" ಅಂತ ಮರುಗುತ್ತಾರೆ.

ಗೇಟಾಗಲಿ, ದಾರಿಗೆ ಅಡ್ಡ ಗಳ ಹಾಕಿದ ಉಣುಗೋಲಾಗಲಿ, ಕಂಡರೆ ಸೈಕಲ್ ಇಳಿಯಿರಿ. ಹೆಲ್ಮೆಟ್, ಕಪ್ಪು ಕನ್ನಡಕ ತೆಗೆದು ಮುಖ ತೋರಿಸಿ ಕೇಳಿ. ಬೇಡ ಅಂದರೆ ವಾಪಸ್ಸು ಬನ್ನಿ, ವಾದ ಬೇಡ. ನವೆಂಬರ್ ಸುಮಾರಿಗೆ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ರೋಬಸ್ಟಾ ಮುಗಿಯುವಷ್ಟರಲ್ಲಿ ಫೆಬ್ರವರಿ. ಆ ತಿಂಗಳುಗಳಲ್ಲಿ ನಾನು ತೋಟದೊಳಗೆ ಕಾಲಿಡುವುದಿಲ್ಲ. ಕಣದಲ್ಲಿ ಲಕ್ಷಗಟ್ಟಲೆ ಬೆಲೆಯ ಕಾಫಿ ಒಣಗುತ್ತಿರುವಾಗ ಗುರುತಿಲ್ಲದವನೊಬ್ಬ ಬಿಗಿ ಚಡ್ಡಿ ಹಾಕಿಕೊಂಡು ಸದ್ದಿಲ್ಲದೆ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. 2024ರಲ್ಲಿ ಬೆಲೆ ಏರಿದ ಮೇಲಂತೂ ಕಾವಲು ಇನ್ನೂ ಜಾಸ್ತಿ. ಆಗ ಪಂಚಾಯ್ತಿ ರಸ್ತೆಯಲ್ಲೇ ತುಳಿಯುತ್ತೇನೆ.

ನನಗೆ ಇಷ್ಟದ ಕಾಲ ಫೆಬ್ರವರಿ ಕೊನೆಯಿಂದ ಮೇ ತನಕ. ಬಿಸಿಲು ಅಂತ ಹೆದರಬೇಡಿ, ತೋಟದೊಳಗೆಲ್ಲ ನೆರಳೇ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವಾಗುತ್ತದೆ, ಆ ವಾರ ರಜೆ ಹಾಕಿಯಾದರೂ ಹೋಗಬೇಕು. ಒಂದೇ ತಕರಾರು ಅಂದರೆ, ಮಳೆ ಬಾರದ ಕಡೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಬಿಟ್ಟಿರುತ್ತಾರೆ, ನೆತ್ತಿ ಸುಡುವ ಬಿಸಿಲಿನಲ್ಲೂ ತಿರುವಿನಾಚೆ ಇದ್ದಕ್ಕಿದ್ದಂತೆ ಕೆಸರು ಸಿಗುತ್ತದೆ.

ಹಾಸನ ಜಿಲ್ಲೆಯ ಕಡೆ ನಾನು ಹೆಚ್ಚು ತುಳಿದಿರುವುದು ಸಕಲೇಶಪುರದಿಂದ ಹೆತ್ತೂರು, ವಣಗೂರು, ಬಿಸಿಲೆ. ಮುಖ್ಯ ರಸ್ತೆ ಡಾಂಬರು, ಎಡಬಲಕ್ಕೆ ತೋಟದ ದಾರಿಗಳಲ್ಲಿ ಹೊಕ್ಕು ಹೊರಬಂದರೆ ಮಜಾ. ಇಲ್ಲಿ ಸಮತಟ್ಟು ಅನ್ನೋದೇ ಇಲ್ಲ. ಹಳ್ಳಕ್ಕೆ ಇಳಿ, ದಿಣ್ಣೆ ಹತ್ತು, ಮತ್ತೆ ಇಳಿ. ದೊಡ್ಡ ಘಾಟಿ ಒಂದೂ ಇಲ್ಲದೆ ಸಂಜೆ ಹೊತ್ತಿಗೆ ತೊಡೆ ಸೋತಿರುತ್ತದೆ. ಬಿಸಿಲೆಯ ಏಣು, ಅಂದರೆ ಗುಡ್ಡದ ನೆತ್ತಿಯ ಸಾಲು, ನೀರು ಕವಲೊಡೆಯುವ ಜಾಗ. ಒಂದು ಮಗ್ಗುಲಿನ ಮಳೆ ಹೇಮಾವತಿ, ಕಾವೇರಿ ಅಂತ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಕುಮಾರಧಾರಾ, ನೇತ್ರಾವತಿ ಅಂತ ಅರಬ್ಬೀ ಸಮುದ್ರಕ್ಕೆ. ವ್ಯೂ ಪಾಯಿಂಟ್ ತನಕ ಹೋಗಿ ಪುಷ್ಪಗಿರಿ ಸಾಲು ನೋಡಿ ತಿರುಗುತ್ತೇನೆ. ಕೆಳಗೆ ಸುಬ್ರಹ್ಮಣ್ಯದ ಘಾಟಿಗೆ ಈಗ ಕಾಂಕ್ರೀಟ್ ಬಂದಿದೆ, ಗ್ರಾವೆಲ್‌ನವರಿಗೆ ಅಲ್ಲೇನೂ ಇಲ್ಲ, ಇಳಿದಿದ್ದನ್ನು ಮತ್ತೆ ಹತ್ತಬೇಕು ಬೇರೆ.

ಆನೆ ವಿಷಯ ಸ್ವಲ್ಪ ಗಂಭೀರವಾಗಿ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕಿನ ಆನೆಗಳು ಕಾಡಿನಲ್ಲಿ ಇದ್ದು ಯಾವಾಗಲೋ ಹೊರಬರುವಂಥವಲ್ಲ, ತೋಟದಲ್ಲೇ ವಾಸ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತಿದ್ದು ಇದೇ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂಟಿ ಸಲಗದ ಜೊತೆ ಕಾದಾಡುತ್ತಾ. ಅಂಥಾ ಪಳಗಿದ ಆನೆಯ ಗತಿಯೇ ಹಾಗಾಯಿತು, ನಮ್ಮದು ಅಲ್ಯೂಮಿನಿಯಂ ಸೈಕಲ್. ಅರಣ್ಯ ಇಲಾಖೆ ಇಲ್ಲಿ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದೆ, ಹಿಂಡು ಎಲ್ಲಿದೆ ಅನ್ನುವ ಸಂದೇಶ ಊರವರ ಫೋನಿಗೆ ಬರುತ್ತದೆ. ನಾನು ಹಿಂದಿನ ರಾತ್ರಿ ಅಲ್ಲಿನ ಪರಿಚಯದವರಿಗೆ ಫೋನ್ ಮಾಡಿ "ಎಲ್ಲವೆ ಇವತ್ತು?" ಅಂತ ಕೇಳಿಯೇ ಹೊರಡುವುದು. ಬೆಳಗ್ಗೆ ಏಳಕ್ಕೆ ಮುಂಚೆ ತೋಟದ ದಾರಿಗೆ ಇಳಿಯುವುದಿಲ್ಲ, ಸಂಜೆ ನಾಲ್ಕಕ್ಕೆ ಡಾಂಬರಿನಲ್ಲಿ ಇರುತ್ತೇನೆ. ಸೈಕಲ್ಲಿಗೆ ಸದ್ದಿಲ್ಲದಿರುವುದೇ ಇಲ್ಲಿ ತೊಂದರೆ. ಮೋಟಾರ್ ಬೈಕಿನ ಸದ್ದು ಆನೆಗೆ ದೂರದಿಂದಲೇ ಕೇಳುತ್ತದೆ, ನಾವು ಮೂಗಿನ ಹತ್ತಿರ ಹೋಗುವ ತನಕ ಅದಕ್ಕೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಕುರುಡು ತಿರುವಿನಲ್ಲಿ ನಾನು ಬೆಲ್ ಹೊಡೆಯುತ್ತಾ, ಜೋರಾಗಿ ಮಾತಾಡುತ್ತಾ ಹೋಗುತ್ತೇನೆ. ಲದ್ದಿ ಹೊಗೆಯಾಡುತ್ತಿದ್ದರೆ ಅಲ್ಲಿಂದಲೇ ವಾಪಸ್ಸು.

ಚಿಕ್ಕಮಗಳೂರು ಕಡೆ ಎಲ್ಲರೂ ಕೇಳುವುದು ಮುಳ್ಳಯ್ಯನಗಿರಿ. 1,930 ಮೀಟರ್, ರಾಜ್ಯದಲ್ಲೇ ಎತ್ತರ, ಹತ್ತಬೇಕು ಅನ್ನಿಸುವುದು ಸಹಜ. ಆದರೆ ಅದು ಡಾಂಬರು ರಸ್ತೆ, ಶನಿವಾರ ಭಾನುವಾರ ಕಾರಿನ ಹೊಗೆ ಕುಡಿಯಬೇಕು. ಅತ್ತಿಗುಂಡಿ ಸುತ್ತಿನ ಜೀಪ್ ದಾರಿಗಳು ನಿಜವಾದ ಗ್ರಾವೆಲ್, ಆದರೆ ವಾರಾಂತ್ಯದಲ್ಲಿ ಪ್ರವಾಸಿಗರ ಜೀಪುಗಳು ಒಂದರ ಹಿಂದೊಂದು ಧೂಳೆಬ್ಬಿಸುತ್ತವೆ. ವಾರದ ನಡುವೆ ಹೋಗಿ. ಮಲ್ಲಂದೂರು ದಾಟಿ ಮುತ್ತೋಡಿ ಕಡೆ ಸೈಕಲ್ ತಿರುಗಿಸಬೇಡಿ, ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಅದು, ಅನುಮತಿ ಇಲ್ಲದೆ ಒಳಗೆ ಹೋದರೆ ಕೇಸು. ನನ್ನ ಓಟು ವಸ್ತಾರೆ, ಆಲ್ದೂರು ಸುತ್ತಿನ ತೋಟಗಳಿಗೆ. ಹೆಸರಿಲ್ಲದ ದಾರಿಗಳು, ಸೆಲ್ಫಿ ತೆಗೆಯುವಂಥದ್ದೇನೂ ಇಲ್ಲ, ಜನವೂ ಇಲ್ಲ. ಕೊಟ್ಟಿಗೆಹಾರದಿಂದ ಬಾಳೂರು, ಹೇಮಾವತಿ ಹುಟ್ಟುವ ಜಾವಳಿ, ಸುಂಕಸಾಲೆ ಕಡೆಗೂ ಹೋಗುತ್ತೇನೆ. ಅಲ್ಲಿ ಡಾಂಬರೇ ಜಾಸ್ತಿ, ನಿಜ ಹೇಳಬೇಕೆಂದರೆ ಅದು ಕೊಟ್ಟಿಗೆಹಾರದ ನೀರುದೋಸೆಗೆ ಮಾಡಿಕೊಂಡ ನೆಪ.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟೈರು 45 ಮಿಲಿಮೀಟರ್, ಟ್ಯೂಬ್‌ಲೆಸ್. ನನ್ನ ತೂಕ ಎಪ್ಪತ್ತು ಕೆಜಿ, ಮುಂದೆ 28, ಹಿಂದೆ 32 ಪಿಎಸ್ಐ (ಗಾಳಿ ಒತ್ತಡದ ಅಳತೆ) ಗಾಳಿ ಇಡುತ್ತೇನೆ. ಹಿಂದಿನ ದೊಡ್ಡ ಗೇರಿನ ಹಲ್ಲು ಪೆಡಲ್ ಹತ್ತಿರದ ಹಲ್ಲುಚಕ್ರ, ಅಂದರೆ ಮುಂದಿನ ಚೈನ್‌ರಿಂಗಿಗಿಂತ ಜಾಸ್ತಿ ಇರಲಿ, ತೋಟದ ರಸ್ತೆ ಮಾಡಿದವರು ಜೀಪಿನ ಫಸ್ಟ್ ಗೇರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ಕೆಮ್ಮಣ್ಣಿನ ಕೆಸರು ಬ್ರೇಕ್ ಪ್ಯಾಡನ್ನು ಬೇಗ ತಿನ್ನುತ್ತದೆ, ಒಂದು ಜೊತೆ ಬ್ಯಾಗಿನಲ್ಲಿರಲಿ, ಹೆತ್ತೂರಿನಲ್ಲಿ ಡಿಸ್ಕ್ ಪ್ಯಾಡ್ ಸಿಗುವುದಿಲ್ಲ. ಮಳೆ ಬಿದ್ದ ಮೇಲೆ ಹೋದರೆ ಇಂಬಳ (ಜಿಗಣೆ) ಗ್ಯಾರಂಟಿ. ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಂಡು ಕಾಲುಚೀಲದ ಮೇಲೆ ಒತ್ತಿಕೊಳ್ಳಿ, ಪಂಕ್ಚರ್ ಹಾಕೋಕೆ ಕೂರುವ ಮುಂಚೆ ಇನ್ನೊಂದು ಸಲ.