ಜೇಜುವಿನ ಹೊಲದ ದಾರಿಗಳಲ್ಲಿ ಸ್ಕೂಟರ್ ಮೇಲೆ ಒಂದು ದಿನ

ದಕ್ಷಿಣ ಕೊರಿಯಾದ ಜೇಜು ದ್ವೀಪಕ್ಕೆ ಬಂದ ಮೊದಲ ದಿನ ಬಸ್ಸಿನಲ್ಲಿ ಸುತ್ತಿದೆ. ಕಿಟಕಿಯಾಚೆ ಕಪ್ಪು ಕಲ್ಲಿನ ಗೋಡೆಗಳು, ಅವುಗಳ ನಡುವೆ ಅಂಗೈ ಅಗಲದ ಹೊಲಗಳು ಸರಿದುಹೋಗುತ್ತಲೇ ಇದ್ದವು. ಇಳಿದು ಮುಟ್ಟಬೇಕು ಅನ್ನಿಸಿದಾಗೆಲ್ಲ ಬಸ್ಸು ಎರಡು ಊರು ಮುಂದೆ ಇರುತ್ತಿತ್ತು. ಅಂದು ರಾತ್ರಿಯೇ ನಿರ್ಧರಿಸಿದೆ, ನಾಳೆ ಸ್ಕೂಟರ್.

ಆಫೀಸಿನ ಕೆಲಸಕ್ಕೆಂದು ಮೂರು ತಿಂಗಳು ಕೊರಿಯಾದ ರಾಜಧಾನಿ ಸೋಲ್‌ನಲ್ಲಿದ್ದೆ. ಊರಿನಿಂದ ಹೊರಡುವ ಮೊದಲೇ ಶಿವಮೊಗ್ಗ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ನಮ್ಮ ದೇಶ 1949ರ ಜಿನೀವಾ ಒಪ್ಪಂದದಡಿ ಕೊಡುವ ಆ ಪುಸ್ತಿಕೆ ಕೊರಿಯಾದಲ್ಲಿ ನಡೆಯುತ್ತದೆ. ಸ್ಕೂಟರ್ ಬಾಡಿಗೆ ಅಂಗಡಿಯವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ದ್ವಿಚಕ್ರ ವಾಹನದ 'ಎ' ಕಾಲಂನಲ್ಲಿ ಮೊಹರು ಇದೆಯೇ ಎಂಬುದನ್ನು. ಕಾರಿನ ಮೊಹರು ಮಾತ್ರ ಇದ್ದವರು ಪುಸ್ತಿಕೆ ಕೈಗೆ ಬಂದ ದಿನವೇ ಇದನ್ನು ಸರಿಮಾಡಿಸಿಕೊಳ್ಳಬೇಕು. ಅದರ ಜೊತೆಗೆ ನಮ್ಮ ದೇಶದ ಮೂಲ ಡಿಎಲ್ ಮತ್ತು ಪಾಸ್‌ಪೋರ್ಟ್ ಕೇಳಿದರು. 125 ಸಿಸಿ ಗಾಡಿಗೆ ದಿನಕ್ಕೆ 35,000 ವೊನ್ ಕೊಟ್ಟೆ. ವಿಮೆ ಎದುರಿನವರಿಗಾದ ನಷ್ಟಕ್ಕೆ ಮಾತ್ರ, ಗಾಡಿಗೆ ಗೀರು ಬಿದ್ದರೆ ಹಣ ನನ್ನದೇ ಎಂದು ಕಾಗದದಲ್ಲಿ ಬರೆದಿತ್ತು. ಹಾಗಾಗಿ ಹೊರಡುವ ಮುಂಚೆ ಗಾಡಿಯ ಸುತ್ತ ನಿಧಾನವಾಗಿ ಒಂದು ವಿಡಿಯೋ ಮಾಡಿಕೊಂಡೆ. ನಾನು ಹೋದಾಗ ಗೂಗಲ್ ಮ್ಯಾಪ್ ಅಲ್ಲಿ ವಾಹನದ ದಾರಿ ತೋರಿಸುತ್ತಿರಲಿಲ್ಲ. ಕೊರಿಯಾದವರದೇ ಆದ ನೇವರ್ ಮ್ಯಾಪ್ ಹಾಕಿಕೊಂಡು ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸಿದೆ.

ಕೊರಿಯಾದಲ್ಲಿ ಗಾಡಿ ರಸ್ತೆಯ ಬಲಕ್ಕೆ. ಪೇಟೆಯಲ್ಲಿ ಇದು ಕಷ್ಟವಾಗಲೇ ಇಲ್ಲ. ಮುಂದಿನ ಕಾರಿನ ಹಿಂದೆ ಹೋದರಾಯಿತು. ಎಡಕ್ಕೆ ತಿರುಗಲು ಹಸಿರು ಬಾಣ ಬರುವವರೆಗೆ ಕಾಯಬೇಕು. ಕೆಂಪು ದೀಪ ಇದ್ದಾಗ ಬಲಕ್ಕೆ ತಿರುಗುವುದಾದರೆ ಮೊದಲು ಪೂರ್ತಿ ನಿಲ್ಲಿಸಲೇಬೇಕು, 2023ರಿಂದ ಅದು ಕಡ್ಡಾಯ. ನಿಜವಾದ ಅಪಾಯ ಇರುವುದು ಖಾಲಿ ದಾರಿಯಲ್ಲಿ. ಪ್ಯೊಂಗ್‌ದೇ ಊರಿನ ಹೊಲಗಳ ನಡುವೆ ಫೋಟೋ ತೆಗೆಯಲು ನಿಂತಿದ್ದೆ. ಮತ್ತೆ ಹೊರಟಾಗ ಇಪ್ಪತ್ತು ವರ್ಷದ ಅಭ್ಯಾಸ ಕೈಯನ್ನು ಎಡಕ್ಕೆಳೆಯಿತು. ಗೋಡೆಯ ತಿರುವಿನಲ್ಲಿ ಒಂದು ಸಣ್ಣ ನೀಲಿ ಟ್ರಕ್ ಎದುರಿಗೇ ಬಂತು. ಇಬ್ಬರೂ ನಿಧಾನವಾಗಿದ್ದೆವು, ಬ್ರೇಕ್ ಹಿಡಿಯಿತು. ಚಾಲಕ ಅಜ್ಜ ಬೈಯಲಿಲ್ಲ, ಕೈಯೆತ್ತಿ ಆ ಕಡೆ ಎಂದು ತೋರಿಸಿ ಹೋದರು. ನನ್ನ ಕೈಕಾಲು ನಡುಗುತ್ತಿದ್ದವು. ಐದು ನಿಮಿಷ ಗೋಡೆಗೊರಗಿ ಕೂತೆ. ಆಮೇಲೆ ಪ್ರತಿ ಸಲ ಕೀಲಿ ತಿರುಗಿಸುವ ಮುಂಚೆ ಬಾಯಿಬಿಟ್ಟು 'ಬಲಕ್ಕೆ' ಅಂದುಕೊಂಡೇ ಹೊರಟೆ. ಯಾರೇ ಹೋಗುವುದಿದ್ದರೂ ಈ ಒಂದು ಮಾತನ್ನು ಮರೆಯಬೇಡಿ.

ಆ ಐದು ನಿಮಿಷದಲ್ಲೇ ಗೋಡೆಯನ್ನು ಸರಿಯಾಗಿ ನೋಡಿದ್ದು. ಬಾತ್‌ದಾಮ್ ಎನ್ನುತ್ತಾರೆ, ಹೊಲದ ಗೋಡೆ ಎಂದೇ ಅರ್ಥ. ಕಲ್ಲು ಬೆಂಕಿಬೆಟ್ಟದ ಬಸಾಲ್ಟ್, ಮೈತುಂಬ ಗುಳ್ಳೆ ಒಡೆದ ತೂತು. ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ ಅಷ್ಟೆ. ಕಲ್ಲುಗಳ ನಡುವೆ ಆಚೆಯ ಹಸಿರು ಕಾಣುವಷ್ಟು ಸಂದು. ಕೈಯಿಟ್ಟರೆ ಗಾಳಿ ಬೆರಳುಗಳ ನಡುವೆ ನುಸುಳಿತು. ಸಂದಿಲ್ಲದೆ ಕಟ್ಟಿದ್ದರೆ ಇಲ್ಲಿನ ಗಾಳಿ ಗೋಡೆಯನ್ನೇ ಬೀಳಿಸುತ್ತಿತ್ತು. ಸಂದಿರುವುದರಿಂದ ಗಾಳಿ ಸೋಸಿ, ಬಲ ಕಳೆದುಕೊಂಡು ಒಳಗೆ ಬರುತ್ತದೆ. ಹಗುರ ಮಣ್ಣು ಹಾರುವುದಿಲ್ಲ, ಸಸಿ ಮುರಿಯುವುದಿಲ್ಲ. ಆಚೆ ಕಡೆ ಕ್ಯಾರೆಟ್ ಸೊಪ್ಪು ಮೊಳಕಾಲೆತ್ತರ ಬೆಳೆದಿತ್ತು. ಈ ಗುಜ್ವಾ ಸೀಮೆ ಕ್ಯಾರೆಟ್ಟಿಗೆ ಹೆಸರುವಾಸಿ, ಚಳಿಗಾಲದಲ್ಲಿ ಕೀಳುತ್ತಾರೆ. ಈ ಗೋಡೆಗಳ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಮಲೆನಾಡಿನವನಾದ ನನಗೆ ಇನ್ನೊಂದು ವಿಷಯ ಬೆಳಗಿನಿಂದ ಕಾಡುತ್ತಿತ್ತು. ಕೊರಿಯಾದಲ್ಲಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದೊಂದು, ಆದರೂ ಒಂದು ಗದ್ದೆ ಕಾಣಲಿಲ್ಲ! ಕಾರಣ ಮತ್ತೆ ಅದೇ ಕಲ್ಲು. ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ, ನೆಲದಡಿ ಹರಿದು ಸಮುದ್ರದ ಅಂಚಿನಲ್ಲಿ ಒರತೆಯಾಗಿ ಏಳುತ್ತದೆ. ಹಳೆಯ ಊರುಗಳು ಕರಾವಳಿಗೆ ಅಂಟಿಕೊಂಡಿರುವುದು ಮೀನಿಗಾಗಿ ಮಾತ್ರ ಅಲ್ಲ, ಕುಡಿಯುವ ನೀರಿಗಾಗಿ.

ಅಂದು ಅಕ್ಟೋಬರ್ 25. ತಾರೀಕು ನೋಡಿಯೇ ಹೊರಟಿದ್ದೆ. ಹತ್ತಿರದ ಸೇಹ್ವಾ ಊರಿನಲ್ಲಿ ಐದು ದಿನಕ್ಕೊಮ್ಮೆ, 5 ಮತ್ತು 0ಯಿಂದ ಮುಗಿಯುವ ತಾರೀಕುಗಳಂದು ಸಂತೆ. ಸಮುದ್ರದ ಪಕ್ಕದಲ್ಲೇ ನಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಕರಗುತ್ತದೆ. ಸಸ್ಯಾಹಾರಿಗೆ ಜೇಜುವಿನಲ್ಲಿ ಊಟ ಸುಲಭವಲ್ಲ, ಹೆಚ್ಚಿನ ಸಾರುಗಳಲ್ಲಿ ಹಂದಿ ಅಥವಾ ಮೀನು. ಸಂತೆಯಲ್ಲಿ ಸಿಕ್ಕಿದ್ದು ಬಿಂಗ್‌ತೊಕ್. ಬಕ್‌ವೀಟ್ ಎಂಬ ಧಾನ್ಯದ ಹಿಟ್ಟನ್ನು ನೀರುದೋಸೆಯಷ್ಟು ತೆಳ್ಳಗೆ ಹೊಯ್ದು, ಬೇಯಿಸಿದ ಮೂಲಂಗಿ ತುರಿಗೆ ಈರುಳ್ಳಿ ಸೊಪ್ಪು, ಎಳ್ಳು ಕಲಸಿ ಒಳಗಿಟ್ಟು ಸುರುಳಿ ಸುತ್ತುತ್ತಾರೆ. ಹಿಂದೆ ಕಾವಲಿಗೆ ಹಂದಿ ಕೊಬ್ಬು ಸವರುತ್ತಿದ್ದರೆಂದು ಓದಿದ್ದರಿಂದ ಕೇಳಿದೆ. ಮಾಡುತ್ತಿದ್ದ ಅಜ್ಜಿ ಅಡುಗೆ ಎಣ್ಣೆಯ ಬಾಟಲಿ ಎತ್ತಿ ತೋರಿಸಿದರು. ಖಾರವಿಲ್ಲ, ಉಪ್ಪೂ ಕಡಿಮೆ, ಮೂಲಂಗಿಯ ಸಿಹಿ ಒಂದೇ. ಮೊದಲನೆಯದು ಸಪ್ಪೆ ಅನ್ನಿಸಿತು, ಮೂರನೆಯದನ್ನು ಕೇಳಿ ತಿಂದೆ. ಜೇಜುವಿನಲ್ಲಿ ಗಂಡಸಾಗಲಿ ಹೆಂಗಸಾಗಲಿ ಹಿರಿಯರನ್ನೆಲ್ಲ 'ಸಮ್‌ಚುನ್' ಎಂದು ಕರೆಯುತ್ತಾರೆ. ನಾನೂ ಹಾಗೇ ಕರೆದು ನಮಸ್ಕರಿಸಿದಾಗ ಅಜ್ಜಿ ನಕ್ಕು ಎರಡು ಕಿತ್ತಳೆ ಕೈಗಿಟ್ಟರು.

ಸೇಹ್ವಾದಿಂದ ಹಾದೋ ಕಡೆಗಿನ ಕಡಲ ದಾರಿಯಲ್ಲಿ 40ರ ಮೇಲೆ ಓಡಿಸಲಿಲ್ಲ. ಅಡ್ಡಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಒಂದು ಕಡೆ ಎಂಜಿನ್ ನಿಲ್ಲಿಸಿದಾಗ ನೀರಿನ ಕಡೆಯಿಂದ ಹಕ್ಕಿಯ ಸಿಳ್ಳಿನಂಥ ಸದ್ದು ಕೇಳಿತು. ಹಕ್ಕಿಯಲ್ಲ. ಕಿತ್ತಳೆ ಬಣ್ಣದ ತೇಲುಬುರುಡೆಗಳ ಪಕ್ಕ ಕಪ್ಪು ತಲೆಗಳು ಏಳುತ್ತಿದ್ದವು, ಮುಳುಗುತ್ತಿದ್ದವು. ಹೇನ್ಯೊಗಳು, ಆಮ್ಲಜನಕದ ಸಿಲಿಂಡರ್ ಇಲ್ಲದೆ ಉಸಿರು ಕಟ್ಟಿ ಮುಳುಗಿ ಶಂಖ, ಅಬಲೋನ್ ಎಂಬ ಚಿಪ್ಪುಜೀವಿ ತರುವ ಹೆಂಗಸರು. ಮೇಲೆ ಬಂದಾಗ ಕಟ್ಟಿದ ಉಸಿರನ್ನು ಒಮ್ಮೆಲೆ ಬಿಡುವ ಆ ಸಿಳ್ಳಿಗೆ ಸುಂಬಿಸೋರಿ ಎಂದು ಹೆಸರು. 1970ರ ಸುಮಾರಿಗೆ 14,000 ಮಂದಿ ಇದ್ದರು, ಈಗ 3,000ಕ್ಕೂ ಕಡಿಮೆ, ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. 1932ರಲ್ಲಿ ಜಪಾನೀ ಆಡಳಿತದ ಸುಲಿಗೆಯ ವಿರುದ್ಧ ಇವರು ಎದ್ದು ನಿಂತಿದ್ದು ಇದೇ ಊರುಗಳಲ್ಲಿ, ಇದೇ ಸೇಹ್ವಾ ಸಂತೆಯ ದಿನ. ಹಾದೋದ ಹೇನ್ಯೊ ಸಂಗ್ರಹಾಲಯದಲ್ಲಿ ಆ ಕಥೆ ಇದೆ, ಒಂದು ಗಂಟೆ ಎತ್ತಿಡಿ. ನಾನು ದಡದಲ್ಲಿ ಕೂತು ಆ ಸದ್ದು ಕೇಳಿದೆ. ಕೇಳದೆ ಅವರ ಫೋಟೋ ತೆಗೆಯುವುದು ಸರಿಯಲ್ಲ, ಕೆಲಸದಲ್ಲಿರುವವರನ್ನು ಕೂಗಿ ಕೇಳುವುದೂ ಸರಿಯಲ್ಲ.

ಜೊಂಗ್ದಾಲ್‌ನ ಓಣಿಯೊಂದರಲ್ಲಿ ಹಳೆಯ ಕಲ್ಲಿನ ಮನೆ. ಬಾಗಿಲಲ್ಲಿ ಗೇಟಿನ ಬದಲು ಎರಡು ಕಲ್ಲುಕಂಬ, ಕಂಬಗಳಲ್ಲಿ ಮೂರು ಮೂರು ತೂತು, ಒಂದೇ ಒಂದು ಮರದ ಕೋಲು ಅಡ್ಡ. ನೋಡಿ ಗಾಡಿ ತಾನಾಗಿ ನಿಂತಿತು. ನಮ್ಮೂರಿನ ಉಣುಗೋಲೇ! ಇಲ್ಲಿ ಜೊಂಗ್‌ನಾಂಗ್ ಎನ್ನುತ್ತಾರೆ. ಬಿಡಾಡಿ ಕುದುರೆ, ದನ ನುಗ್ಗದಿರಲಿ ಎಂದು ಕಟ್ಟಿದ್ದು, ಜೊತೆಗೆ ಅದೊಂದು ಭಾಷೆ. ಮೂರೂ ಕೋಲು ಕೆಳಗಿದ್ದರೆ ಮನೆಯವರು ಒಳಗಿದ್ದಾರೆ. ಒಂದು ಹಾಕಿದ್ದರೆ ಹತ್ತಿರದಲ್ಲೇ ಹೋಗಿದ್ದಾರೆ, ಎರಡಾದರೆ ಬರುವುದು ತಡ, ಮೂರಾದರೆ ದೂರದ ಊರಿಗೆ ಹೋಗಿದ್ದಾರೆ. ಆಚೆಯಿಂದಲೇ ಒಂದು ಫೋಟೋ ತೆಗೆದುಕೊಂಡೆ.

ಮೂರು ಗಂಟೆಗೆ ಕಡಲು ಬಿಟ್ಟು ಒಳನಾಡಿಗೆ ತಿರುಗಿದೆ. ಜ್ವಾಲಾಮುಖಿ ಕಕ್ಕಿ ಬಿಟ್ಟ ಚಿಕ್ಕ ಗುಡ್ಡಗಳಿಗೆ ಇಲ್ಲಿ ಓರುಮ್ ಎಂದು ಹೆಸರು, ದ್ವೀಪದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚಿವೆ. 382 ಮೀಟರ್ ಎತ್ತರದ ದಾರಾಂಗ್ಶಿ ಓರುಮ್ ಹತ್ತಬೇಕೆಂದೇ ಹೋಗಿದ್ದೆ. ಆದರೆ ಅದರ ಬುಡದಲ್ಲಿ ಒಂದು ಕಲ್ಲಿನ ಫಲಕ ಸಿಕ್ಕಿತು. ಕಳೆದುಹೋದ ಊರು ಎಂದು ಬರೆದಿತ್ತು. 1948ರ ಕೊನೆಯಲ್ಲಿ, ಕರಾವಳಿಯಿಂದ 5 ಕಿಲೋಮೀಟರಿಗಿಂತ ಹೆಚ್ಚು ಒಳನಾಡಿನಲ್ಲಿರುವವರೆಲ್ಲ ಶತ್ರುಗಳೆಂದು ಸಾರಿ ಕೊರಿಯಾದ ಸೈನ್ಯ ಒಳನಾಡಿನ ಊರುಗಳನ್ನು ಸುಟ್ಟಿತು. ಅದೇ ವರ್ಷ ಏಪ್ರಿಲ್ 3ರಂದು ಇಲ್ಲಿ ದಂಗೆ ಎದ್ದಿತ್ತು. ಆ ತಾರೀಕಿನಿಂದಲೇ ಜೇಜುವಿನವರು 'ನಾಲ್ಕು-ಮೂರು' ಎಂದು ಕರೆಯುವ ಆ ವರ್ಷಗಳಲ್ಲಿ ಸತ್ತವರು 25,000ದಿಂದ 30,000 ಎಂಬ ಅಂದಾಜಿದೆ. ಹತ್ತಿರದ ಗುಹೆಯಲ್ಲಿ ಅಡಗಿದ್ದ ಹನ್ನೊಂದು ಜನರ ಮೂಳೆಗಳು 1992ರಲ್ಲಿ ಸಿಕ್ಕವು. ಸರ್ಕಾರದ ಪರವಾಗಿ ಆಗಿನ ಅಧ್ಯಕ್ಷ ರೋ ಮೂ-ಹ್ಯುನ್ ಕ್ಷಮೆ ಕೇಳಿದ್ದು 2003ರಲ್ಲಿ. ಈಗ ಅಲ್ಲಿ ಒಂದು ಮುದಿ ಮರ, ಮನೆಗಳಿದ್ದ ಕಡೆ ಬಿದಿರಿನ ಮೆಳೆ, ಅಷ್ಟೆ. ಹೊಲದ ಗೋಡೆಗಳು ಮಾತ್ರ ನಿಂತಿವೆ. ಹೆಲ್ಮೆಟ್ ತೆಗೆದು ಬಹಳ ಹೊತ್ತು ನಿಂತಿದ್ದೆ. ಗುಡ್ಡ ಹತ್ತುವ ಮನಸ್ಸಾಗಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಕತ್ತಲಲ್ಲಿ ಆ ದಾರಿ ಬೇಡ. ಸೊಂಗ್‌ದಾಂಗ್ ದಾಟಿ, ಸೀಡರ್ ಮರಗಳ ಸಾಲಿನ 1112ನೇ ರಸ್ತೆ ಹಿಡಿದು ಪೇಟೆಗೆ ಮರಳಿದೆ. ಬಂಕಿನಲ್ಲಿ 'ಹ್ವಿಬಾಲ್ಯು' ಎಂದು ಕೇಳಬೇಕು, ಅದು ಪೆಟ್ರೋಲ್. ಗಾಡಿ ಒಪ್ಪಿಸಿದಾಗ 121 ಕಿಲೋಮೀಟರ್ ಓಡಿತ್ತು. ಬೆಳಗಿನ ವಿಡಿಯೋ ಬೇಕಾಗಲಿಲ್ಲ.

ರಾತ್ರಿ ಅಮ್ಮನಿಗೆ ಜೊಂಗ್‌ನಾಂಗ್ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. "ಒಂದೇ ಕೋಲು ಹಾಕಿದಾರಲ್ಲೋ, ಕರು ಅಡಿಯಿಂದ ನುಗ್ಗಲ್ವಾ?" ಎಂದರು. ಒಂದು ಕೋಲಿನ ಅರ್ಥ ಹೇಳಿದೆ. "ಹಂಗಾದ್ರೆ ಇನ್ನೇನು ಬರ್ತಾರೆ. ನೀನು ಸ್ವಲ್ಪ ನಿಂತು ಮಾತಾಡಿಸ್ಕೊಂಡು ಬರ್ಬೇಕಿತ್ತು" ಅಂದರು.