ಹಳೇ ಲ್ಯಾಪ್‌ಟಾಪಿನಲ್ಲಿ 1080ಪಿ ವಿಡಿಯೊ ಮುಗ್ಗರಿಸದೆ ಓಡಲು ನಾನು ಮಾಡಿದ್ದು

ಯಂತ್ರದ ವಿವರ ಮೊದಲು. ಇಂಟೆಲ್ ಕೋರ್ ಐ3-4005ಯು: ಎರಡು ಕೋರ್, 1.7 ಗಿಗಾಹರ್ಟ್ಸ್, ಟರ್ಬೊ ಇಲ್ಲ. ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇರುವ ಎಚ್‌ಡಿ 4400. ರ‍್ಯಾಮ್ 4 ಜಿಬಿ, ಮೇಲೆ ಲಿನಕ್ಸ್. ಇದರಲ್ಲಿ 1080ಪಿ ವಿಡಿಯೊ, ಸೆಕೆಂಡಿಗೆ 60 ಫ್ರೇಮಿನದೂ ಸೇರಿ, ಎಲ್ಲೂ ತಡವರಿಸದೆ ಓಡಬೇಕಿತ್ತು. ಈಗ ಓಡುತ್ತಿದೆ.

60 ಫ್ರೇಮ್ ಎಂದರೆ ಒಂದೊಂದು ಫ್ರೇಮಿಗೂ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಫೈಲಿನಿಂದ ಓದಬೇಕು, ಡಿಕೋಡ್ ಮಾಡಬೇಕು (ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸಬೇಕು), ಬಣ್ಣ ಪರಿವರ್ತಿಸಿ ಪರದೆಯ ಅಳತೆಗೆ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸಬೇಕು. ಈ ಸಾಲಿನಲ್ಲಿ ಯಾವುದು ಹಿಂದೆ ಬೀಳುತ್ತಿದೆ ಎಂದು ತಿಳಿಯದೆ ಸೆಟ್ಟಿಂಗ್ ಬದಲಿಸುತ್ತಾ ಹೋದರೆ ದಿನವೆಲ್ಲಾ ಬದಲಿಸುತ್ತಲೇ ಇರಬಹುದು.

ಲಕ್ಷಣಗಳೇ ಅರ್ಧ ಉತ್ತರ ಕೊಡುತ್ತವೆ. ಧ್ವನಿ ಸರಿಯಾಗಿ ಹೋಗುತ್ತಾ ಚಿತ್ರ ಮಾತ್ರ ಹಿಂದೆ ಉಳಿದರೆ ಡಿಕೋಡ್ ಸಾಲುತ್ತಿಲ್ಲ. ಧ್ವನಿ, ಚಿತ್ರ ಎರಡೂ ಒಟ್ಟಿಗೆ ನಿಂತು ಮತ್ತೆ ಹೊರಟರೆ ಡೇಟಾ ಸಮಯಕ್ಕೆ ಬರುತ್ತಿಲ್ಲ. ವೈಫೈ ಅಥವಾ ಡಿಸ್ಕ್ ನೋಡಬೇಕು. ಆದರೆ ಡಿಸ್ಕಿನ ಮೇಲೆ ಸುಮ್ಮನೆ ಅನುಮಾನಪಡಬೇಡಿ. ಬ್ಲೂ-ರೇ ಡಿಸ್ಕಿನ 1080ಪಿ ವಿಡಿಯೊ ಕೂಡ ಹೆಚ್ಚೆಂದರೆ ಸೆಕೆಂಡಿಗೆ 40 ಮೆಗಾಬಿಟ್, ಅಂದರೆ 5 ಮೆಗಾಬೈಟ್. ಹಳೇ ಹಾರ್ಡ್ ಡಿಸ್ಕಿಗೂ ಅದು ಹೊರೆಯಲ್ಲ. ಇನ್ನು, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಮಾತ್ರ ಒಂದೇ ಲಯದಲ್ಲಿ ಕುಲುಕಿದಂತೆ ಕಂಡರೆ ಅದು ಬೇರೆಯದೇ ರೋಗ, ಕೊನೆಗೆ ಹೇಳುತ್ತೇನೆ.

ಉಳಿದರ್ಧ ಉತ್ತರ ಎಂಪಿವಿ ಪ್ಲೇಯರಿನಲ್ಲಿದೆ. ವಿಡಿಯೊ ಓಡುವಾಗ ಶಿಫ್ಟ್ ಹಿಡಿದು ಐ ಒತ್ತಿದರೆ ಅಂಕಿಅಂಶಗಳು ಪರದೆಯ ಮೇಲೆ ಬರುತ್ತವೆ. ಕೈಬಿಟ್ಟ ಫ್ರೇಮುಗಳ ಲೆಕ್ಕ ಅಲ್ಲಿ ಎರಡು ಭಾಗವಾಗಿದೆ: ಡಿಕೋಡರ್ ಬಿಟ್ಟಿದ್ದು, ಔಟ್‌ಪುಟ್ ಬಿಟ್ಟಿದ್ದು. ಮೊದಲನೆಯದು ಏರುತ್ತಿದ್ದರೆ ಡಿಕೋಡ್ ಹಂತದಲ್ಲೇ ತಡ. ಎರಡನೆಯದು ಏರುತ್ತಿದ್ದರೆ ಹೆಚ್ಚಾಗಿ ಪರದೆಗೆ ಚಿತ್ರ ಬರೆಯುವ ಕಡೆ ತಡ. ನನ್ನ ಯಂತ್ರದಲ್ಲಿ ಮೊದಲು ಎರಡೂ ಏರುತ್ತಿದ್ದವು.

ಸಾಧಾರಣ ಯಂತ್ರದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಗ್ರಾಫಿಕ್ಸ್ ಚಿಪ್ಪಿನೊಳಗಿನ ಡಿಕೋಡ್ ಭಾಗಕ್ಕೆ ಯಾವ ಕೊಡೆಕ್, ಅಂದರೆ ವಿಡಿಯೊ ಕುಗ್ಗಿಸುವ ಯಾವ ವಿಧಾನ, ಗೊತ್ತು ಎನ್ನುವುದು. ಗೊತ್ತಿದ್ದರೆ ಪ್ರೊಸೆಸರಿಗೆ ಕೆಲಸವೇ ಇಲ್ಲದಷ್ಟು ಹಗುರ. ಗೊತ್ತಿಲ್ಲದಿದ್ದರೆ ಇಡೀ ಭಾರ ಎರಡು ಕೋರ್‌ಗಳ ಮೇಲೆ. ಇಂಟೆಲ್ ಚಿಪ್ಪುಗಳ ಪೀಳಿಗೆಗಳಲ್ಲಿ, ಹಳತರಿಂದ ಹೊಸದಕ್ಕೆ, ಸ್ಥೂಲವಾಗಿ ಹೀಗಿದೆ: ಎಚ್.264 ಎಂಬ ಹಳೇ ಕೊಡೆಕ್ಕನ್ನು 2011ರ ಸ್ಯಾಂಡಿ ಬ್ರಿಡ್ಜ್ ಕೂಡ ನಿಭಾಯಿಸುತ್ತದೆ. 8 ಬಿಟ್‌ನ (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಹೆಚ್ಚು) ಎಚ್‌ಇವಿಸಿಗೆ ಸ್ಕೈಲೇಕ್ ಬೇಕು. 10 ಬಿಟ್‌ನ ಎಚ್‌ಇವಿಸಿಗೂ ವಿಪಿ9ಗೂ ಕೇಬಿ ಲೇಕ್. ಎವಿ1ಗೆ ಟೈಗರ್ ಲೇಕ್. ನನ್ನದು ಹ್ಯಾಸ್ವೆಲ್ ಪೀಳಿಗೆ, ಹಾಗಾಗಿ ಹೊಸ ಕೊಡೆಕ್‌ಗಳಲ್ಲಿ ಯಾವುದೂ ಇಲ್ಲ. 10 ಬಿಟ್‌ನ ಎಚ್.264 ಅಂತೂ ಇದಕ್ಕಿಂತ ಎಷ್ಟೋ ಹೊಸ ಚಿಪ್ಪುಗಳಿಗೂ ಬರುವುದಿಲ್ಲ. ಹೆಸರು ಎಚ್.264 ಎಂದಿದೆಯಲ್ಲ ಎಂದು ನಂಬಿ ಮೋಸಹೋಗುವುದು ಇಲ್ಲೇ.

ಚಿಪ್ಪಿಗೆ ಗೊತ್ತಿದ್ದರೆ ಸಾಲದು, ಡ್ರೈವರ್ ಕೂಡ ಇರಬೇಕು. ಹ್ಯಾಸ್ವೆಲ್‌ವರೆಗಿನ ಇಂಟೆಲ್ ಗ್ರಾಫಿಕ್ಸಿಗೆ ಲಿನಕ್ಸಿನಲ್ಲಿ ಐ965 ಎಂಬ ಹಳೇ ವಿಎ-ಎಪಿಐ (ಚಿಪ್ಪಿನ ಡಿಕೋಡ್ ಭಾಗವನ್ನು ಬಳಸುವ ವ್ಯವಸ್ಥೆ) ಡ್ರೈವರ್ ಹಾಕಬೇಕು. ಇಂಟೆಲ್ ಮೀಡಿಯಾ ಡ್ರೈವರ್ ಎಂಬ ಹೊಸದು ಬ್ರಾಡ್‌ವೆಲ್‌ನಿಂದ ಈಚೆಗಿನವಕ್ಕೆ. ಡ್ರೈವರ್ ಹಾಕಿದ ಮೇಲೆ ಟರ್ಮಿನಲ್‌ನಲ್ಲಿ ವಿಎಇನ್ಫೊ ಓಡಿಸಿ. ಎಚ್.264 ಸಾಲುಗಳ ಮುಂದೆ ವಿಎಲ್‌ಡಿ ಎಂದಿದ್ದರೆ ಡಿಕೋಡ್ ಸಿದ್ಧ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಗ್ರಾಫಿಕ್ಸ್ ಹೆಸರಿನ ಜಾಗದಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಎಂದಿದ್ದರೆ ಚಿಪ್ಪಿನ ಡ್ರೈವರೇ ಕೂತಿಲ್ಲ. ಅದನ್ನು ಹಾಕುವ ತನಕ ಬೇರೆ ಯಾವ ಪ್ರಯತ್ನವೂ ವ್ಯರ್ಥ.

ಎಂಪಿವಿಯ ಕಾನ್ಫಿಗ್ ಫೈಲಿನಲ್ಲಿ ನಾನು ಬರೆದದ್ದು ಎರಡೇ ಸಾಲು. ಒಂದು, ಎಚ್‌ಡಬ್ಲ್ಯುಡೆಕ್ ಆಯ್ಕೆಗೆ ಆಟೋ-ಸೇಫ್. ಹೇಳದಿದ್ದರೆ ಎಂಪಿವಿ ಹಾರ್ಡ್‌ವೇರ್ ಡಿಕೋಡ್ ಬಳಸುವುದಿಲ್ಲ. ಇನ್ನೊಂದು, ಪ್ರೊಫೈಲ್ ಆಯ್ಕೆಗೆ ಫಾಸ್ಟ್. ಚಿತ್ರದ ಅಳತೆ ಬದಲಿಸಲು ಎಂಪಿವಿ ಬಳಸುವ ಉತ್ತಮ ಫಿಲ್ಟರುಗಳು ಇಂಥ ಗ್ರಾಫಿಕ್ಸಿಗೆ ಭಾರ. ಫಾಸ್ಟ್ ಎಂದರೆ ಹಗುರವಾದ ಬೈಲಿನಿಯರ್ ಫಿಲ್ಟರ್. ಔಟ್‌ಪುಟ್ ಬಿಡುತ್ತಿದ್ದ ಫ್ರೇಮುಗಳು ನಿಂತದ್ದು ಈ ಎರಡನೇ ಸಾಲಿನಿಂದ. ಹೆಸರಿನ ಕೊನೆಗೆ ಕಾಪಿ ಎಂದಿರುವ ಡಿಕೋಡ್ ಬಗೆಗಳನ್ನು ಆರಿಸಬೇಡಿ. ಅವು ಡಿಕೋಡ್ ಆದ ಫ್ರೇಮನ್ನು ಮತ್ತೆ ಮುಖ್ಯ ಮೆಮೊರಿಗೆ ನಕಲು ಮಾಡುತ್ತವೆ, ಉಳಿಸಿದ ಶ್ರಮ ಅಲ್ಲೇ ಸೋರಿಹೋಗುತ್ತದೆ. ವಿಎಲ್‌ಸಿ ಬಳಸುವವರಿಗೆ ಇದೇ ಆಯ್ಕೆ ಪ್ರಿಫರೆನ್ಸಸ್‌ನ ಇನ್‌ಪುಟ್ ಮತ್ತು ಕೊಡೆಕ್ಸ್ ಪುಟದಲ್ಲಿದೆ.

ಚಿಪ್ಪಿಗೆ ಬಾರದ ಫೈಲುಗಳಿಗೆ ಎರಡು ದಾರಿ. ಒಮ್ಮೆ ನೋಡಿ ಬಿಡುವಂಥದಾದರೆ ಸಾಫ್ಟ್‌ವೇರ್ ಡಿಕೋಡನ್ನೇ ಹಗುರ ಮಾಡಬಹುದು: ಎಂಪಿವಿಯಲ್ಲಿ ಲೂಪ್ ಫಿಲ್ಟರ್ (ಚೌಕಗಳ ಅಂಚನ್ನು ನಯಗೊಳಿಸುವ ಹಂತ) ಬಿಟ್ಟುಬಿಡುವ ಆಯ್ಕೆಗೆ ನಾನ್‌ರೆಫ್ ಕೊಡಿ. ಬೇರೆ ಫ್ರೇಮುಗಳು ಆಧರಿಸದ ಫ್ರೇಮುಗಳಲ್ಲಿ ಮಾತ್ರ ಫಿಲ್ಟರ್ ತಪ್ಪುವುದರಿಂದ ಹಾನಿ ಆ ಫ್ರೇಮಿಗೇ ಮುಗಿಯುತ್ತದೆ. ಆಲ್ ಎಂದು ಕೊಟ್ಟರೆ ಇನ್ನೂ ವೇಗ, ಆದರೆ ದೋಷ ಒಂದರಿಂದ ಒಂದಕ್ಕೆ ಹಬ್ಬುತ್ತಾ ಮುಂದಿನ ಕೀಫ್ರೇಮ್ (ಬೇರೆ ಫ್ರೇಮನ್ನು ಆಧರಿಸದ ಪೂರ್ಣ ಚಿತ್ರ) ಬರುವವರೆಗೆ ಚಿತ್ರ ಚೌಕಚೌಕವಾಗುತ್ತದೆ. ನನಗದು ಒಪ್ಪಿಗೆಯಿಲ್ಲ.

ಮತ್ತೆ ಮತ್ತೆ ನೋಡುವಂಥದನ್ನು ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದಿಂದ ಎಚ್.264ಗೆ ಬದಲಿಸಿಕೊಳ್ಳುತ್ತೇನೆ: ಎನ್‌ಕೋಡರ್ ಲಿಬ್‌ಎಕ್ಸ್264, ಸಿಆರ್‌ಎಫ್ (ಗುಣಮಟ್ಟದ ಅಂಕಿ) 20, ಪ್ರಿಸೆಟ್ (ವೇಗದ ಮಟ್ಟ) ಮೀಡಿಯಂ, ಆಡಿಯೊ ಇದ್ದ ಹಾಗೇ ಕಾಪಿ. ಮುಖ್ಯವಾದದ್ದು ಪಿಕ್ಸೆಲ್ ಫಾರ್ಮ್ಯಾಟ್. ಅದನ್ನು 8 ಬಿಟ್‌ನ ವೈಯುವಿ420ಪಿ ಎಂದು ಬಾಯಿಬಿಟ್ಟು ಹೇಳಲೇಬೇಕು. ಹೇಳದೆ 10 ಬಿಟ್‌ನ ಎಚ್‌ಇವಿಸಿ ಫೈಲ್ ಕೊಟ್ಟರೆ ಎನ್‌ಕೋಡರ್ 10 ಬಿಟ್ಟನ್ನೇ ಉಳಿಸಿಕೊಂಡು 10 ಬಿಟ್‌ನ ಎಚ್.264 ತಯಾರಿಸುತ್ತದೆ, ಗಂಟೆಗಟ್ಟಲೆ ಕಾದು ಸಿಕ್ಕ ಫೈಲನ್ನೂ ಚಿಪ್ಪು ಮುಟ್ಟುವುದಿಲ್ಲ. ಇಡೀ ಫೈಲಿಗೆ ಕೈಹಾಕುವ ಮೊದಲು ಒಂದು ನಿಮಿಷದ ತುಣುಕು ಮಾಡಿ, ಹಾರ್ಡ್‌ವೇರಿನಲ್ಲಿ ಓಡುತ್ತದೆಯೇ ನೋಡಿಕೊಳ್ಳಿ. ಎಚ್‌ಡಿಆರ್ (ಹೆಚ್ಚು ಬೆಳಕಿನ ವ್ಯಾಪ್ತಿಯ) ವಿಡಿಯೊ ಆಗಿದ್ದರೆ ಅದನ್ನು ಸಾಮಾನ್ಯ ಪರದೆಗೆ ಹೊಂದಿಸುವ ಟೋನ್ ಮ್ಯಾಪಿಂಗ್ ಕೂಡ ಬೇಕು, ಇಲ್ಲವಾದರೆ ಬಣ್ಣ ತೊಳೆದಂತೆ ಪೇಲವವಾಗುತ್ತದೆ.

ಬ್ರೌಸರಿನಲ್ಲಿ ಯೂಟ್ಯೂಬ್ ಕೊಡುವುದು ಸಾಮಾನ್ಯವಾಗಿ ವಿಪಿ9 ಅಥವಾ ಎವಿ1. ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದರೆ ಕೊಡೆಕ್ ಹೆಸರು ಕಾಣುತ್ತದೆ: ವಿಪಿ09, ಎವಿ01, ಇಲ್ಲವೇ ಎವಿಸಿ1. ಕೊನೆಯದೇ ಎಚ್.264, ನಮಗೆ ಬೇಕಾದದ್ದು. ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಬ್ರೌಸರಿಗೆ ಉಳಿದವು ಬರುವುದಿಲ್ಲ ಎಂದು ಯೂಟ್ಯೂಬಿಗೆ ಹೇಳಿ ಎಚ್.264 ತರಿಸುತ್ತದೆ. ಎಚ್.264 ಅಲ್ಲಿ 1080ಪಿವರೆಗೆ ಮಾತ್ರ ಸಿಗುತ್ತದೆ, ಅದಕ್ಕಿಂತ ಮೇಲಿನದು ಈ ಯಂತ್ರಕ್ಕೆ ಹೇಗೂ ಬೇಡ. ಬ್ರೌಸರಿನಲ್ಲಿ ಹಾರ್ಡ್‌ವೇರ್ ಡಿಕೋಡ್ ಚಾಲೂ ಇದೆಯೇ ಎಂಬುದನ್ನು ಕ್ರೋಮ್‌ನ ಜಿಪಿಯು ಪುಟದ ವಿಡಿಯೊ ಡಿಕೋಡ್ ಸಾಲಿನಲ್ಲಿ ನೋಡಬಹುದು.

ರ‍್ಯಾಮ್ ವಿಷಯ. ಒಂದೇ ಪಟ್ಟಿ ಇದ್ದಾಗ ಡಿಡಿಆರ್3ಎಲ್-1600 ಕೊಡುವುದು ಸೆಕೆಂಡಿಗೆ 12.8 ಗಿಗಾಬೈಟ್, ಎರಡು ಪಟ್ಟಿ ಹಾಕಿದರೆ ಅದರ ಇಮ್ಮಡಿ. ಈ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲವಾದ್ದರಿಂದ ಎರಡನೇ ಪಟ್ಟಿ ಹಾಕಿದೆ. 24 ಫ್ರೇಮಿನ ವಿಡಿಯೊದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ರೌಸರಿನಲ್ಲಿ 60 ಫ್ರೇಮಿನ ವಿಡಿಯೊ ನೋಡುವಾಗ ಕಂಡಿತು. ಹಾಕುವುದಾದರೆ 1.35 ವೋಲ್ಟಿನ ಎಲ್ ಬಗೆಯನ್ನೇ ಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮುಗ್ಗರಿಸತೊಡಗಿದರೆ ಮಾತ್ರ ಫ್ಯಾನಿನ ದೂಳು, ಒಣಗಿದ ಥರ್ಮಲ್ ಪೇಸ್ಟ್ ಕಡೆ ಗಮನ ಕೊಡಿ.

ಇನ್ನು ಆ ಲಯಬದ್ಧ ಕುಲುಕಾಟ. ಒಂದೂ ಫ್ರೇಮ್ ಬಿಡದಿದ್ದರೂ ಅದು ಬರುತ್ತದೆ. 24 ಫ್ರೇಮಿನ ವಿಡಿಯೊವನ್ನು 60 ಹರ್ಟ್ಸ್ ಪರದೆ ತೋರಿಸುವಾಗ ಒಂದು ಫ್ರೇಮ್ 3 ಸಲ, ಮುಂದಿನದು 2 ಸಲ ಬರುತ್ತದೆ. ಒಂದು 50 ಮಿಲಿಸೆಕೆಂಡ್ ನಿಂತರೆ ಇನ್ನೊಂದು 33. ಯಂತ್ರ ಎಷ್ಟೇ ವೇಗದ್ದಾದರೂ ಇದು ಹೋಗುವುದಿಲ್ಲ. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದಾಗ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 24 ಹರ್ಟ್ಸ್ ಇದ್ದರೆ ಅದನ್ನೇ ಆರಿಸುತ್ತೇನೆ, ಪ್ರತಿ ಫ್ರೇಮಿಗೂ ಸಮಪಾಲು ಸಿಗುತ್ತದೆ. ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ಆ ಆಯ್ಕೆ ಇಲ್ಲ. ಅಲ್ಲಿ 24 ಫ್ರೇಮಿನ ವಿಡಿಯೊವನ್ನು ಹಾಗೇ ನೋಡುತ್ತೇನೆ.