ಕಡಿಮೆ ಹಣದಲ್ಲಿ ಮೊದಲ ಪಿಸ್ತೂಲು ಆರಿಸುವುದು ಹೇಗೆ?

ಮೊದಲ ಬಾರಿಗೆ ಪಿಸ್ತೂಲು ಅಥವಾ ರಿವಾಲ್ವರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ಕೈಯಲ್ಲಿರುವ ಹಣವನ್ನೆಲ್ಲ ಆಯುಧಕ್ಕೇ ಸುರಿದು, ತೋಟಾ, ತರಬೇತಿ, ಬೀಗದ ಪೆಟ್ಟಿಗೆಗೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಇನ್ನು ಕೆಲವರು ಅಗ್ಗಕ್ಕೆ ಸಿಕ್ಕಿತೆಂದು ಅಂಗೈಯಲ್ಲಿ ಅಡಗುವಂಥ ಪುಟ್ಟ ಪಿಸ್ತೂಲನ್ನು ತಂದು, ಒಂದು ಪೆಟ್ಟಿಗೆ ತೋಟಾ ಮುಗಿಯುವಷ್ಟರಲ್ಲಿ ಕೈ ನೊಂದು, ಅಭ್ಯಾಸದ ಕಡೆಗೆ ಮತ್ತೆ ತಲೆ ಹಾಕುವುದಿಲ್ಲ. ಹಣ ಕಡಿಮೆ ಇರುವವರಿಗೆ ನಾನು ಹೇಳುವುದು ಒಂದೇ: ಹೆಸರಿರುವ ತಯಾರಕರ, ಮಧ್ಯಮ ಅಥವಾ ಪೂರ್ಣ ಗಾತ್ರದ, ಬಳಸಿದ ಆದರೆ ಗಟ್ಟಿಮುಟ್ಟಾದ ಪಿಸ್ತೂಲನ್ನು ಪರೀಕ್ಷಿಸಿ ಕೊಳ್ಳಿ, ಉಳಿದ ಹಣವನ್ನು ತೋಟಾ ಮತ್ತು ಕಲಿಕೆಗೆ ಇಡಿ. ಈ ಮಾತಿನಲ್ಲಿ ಕಷ್ಟವಿರುವುದು ‘ಪರೀಕ್ಷಿಸಿ’ ಎಂಬಲ್ಲಿ. ಆದ್ದರಿಂದ ಈ ಲೇಖನದ ದೊಡ್ಡ ಪಾಲು ಅದಕ್ಕೇ ಮೀಸಲು.

ಮೊದಲ ಹೆಜ್ಜೆ: ಕಾನೂನು ಮತ್ತು ಹಣದ ಹಂಚಿಕೆ

ಪರವಾನಗಿ ಕೈಗೆ ಬರುವ ಮೊದಲು ಯಾವ ಆಯುಧಕ್ಕೂ ಮುಂಗಡ ಕೊಡಬಾರದು. ಯಾವ ಅಳತೆಯ ತೋಟಾ ನಾಗರಿಕರಿಗೆ ಸಲ್ಲುತ್ತದೆ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ರೀತಿ: ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ 9 ಎಂಎಂ ತೋಟಾ ಭಾರತದಲ್ಲಿ ನಿಷಿದ್ಧ ಅಳತೆಗಳ ಪಟ್ಟಿಯಲ್ಲಿದೆ, ಇಟಲಿಯಲ್ಲಿ ದಶಕಗಳ ಕಾಲ ಅದಕ್ಕೆ ನಿಷೇಧವಿದ್ದುದರಿಂದಲೇ ಅಲ್ಲಿನ ನಾಗರಿಕರು ತುಸು ಉದ್ದದ 9x21 ಅಳತೆಯನ್ನು ಬಳಸಿದರು. ಆದ್ದರಿಂದ ನಿಮಗೆ ಯಾವುದು ಸಲ್ಲುತ್ತದೆ ಎಂಬುದನ್ನು ಅಧಿಕಾರಿಗಳಿಂದಲೇ ತಿಳಿದುಕೊಳ್ಳಬೇಕು, ಮಾರುವವರ ಬಾಯಿಮಾತಿನಿಂದಲ್ಲ.

ಒಟ್ಟು ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಯುಧಕ್ಕೆ ಕೊಡಬೇಡಿ. ಉಳಿದರ್ಧದಲ್ಲಿ ಬೀಗದ ಪೆಟ್ಟಿಗೆ, ಕಿವಿ ಮತ್ತು ಕಣ್ಣಿನ ರಕ್ಷಣೆ, ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಒಳ್ಳೆಯ ಹೋಲ್‌ಸ್ಟರ್, ತರಬೇತಿಯ ಶುಲ್ಕ ಮತ್ತು ಮೊದಲ ಕೆಲವು ನೂರು ತೋಟಾ ಬರಬೇಕು. ಕಿವಿಯ ರಕ್ಷಣೆಯನ್ನು ಮುಂದೂಡಲೇಬಾರದು: 140 ಡೆಸಿಬಲ್ ದಾಟಿದ ಒಂದೇ ಸದ್ದು ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು, ಕೈಬಂದೂಕುಗಳ ಸದ್ದು ಸಾಮಾನ್ಯವಾಗಿ 150 ಡೆಸಿಬಲ್‌ಗಿಂತ ಮೇಲೇ ಇರುತ್ತದೆ.

ಎರಡನೆಯ ಹೆಜ್ಜೆ: ತೋಟಾದ ಅಳತೆ

ಕಾನೂನಿನ ಅಡ್ಡಿಯಿಲ್ಲದಿದ್ದರೆ 9 ಎಂಎಂ ಆರಿಸಿ. ಈ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದ ಅಗತ್ಯವಿಲ್ಲ. 1902ರ ಆಸುಪಾಸಿನಲ್ಲಿ ರೂಪುಗೊಂಡ ಈ ತೋಟಾ ಇಂದು ಬಹುತೇಕ ಸೇನೆ ಮತ್ತು ಪೊಲೀಸ್ ಪಡೆಗಳ ಕೈಯಲ್ಲಿರುವುದರಿಂದ ಅಪಾರ ಪ್ರಮಾಣದಲ್ಲಿ ತಯಾರಾಗುತ್ತದೆ, ಹಾಗಾಗಿ ದೊಡ್ಡ ಅಳತೆಗಳ ಪೈಕಿ ಇದೇ ಅಗ್ಗ. ಗುರಿ ಕಲಿಯುವುದಷ್ಟೇ ಉದ್ದೇಶವಾದರೆ .22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾ ಇನ್ನೂ ಅಗ್ಗ, ಒದೆತವಂತೂ ಇಲ್ಲವೆಂದೇ ಹೇಳಬಹುದು. ರಿವಾಲ್ವರ್ ಬೇಕೆನ್ನುವವರು .357 ಮ್ಯಾಗ್ನಮ್‌ನದನ್ನು ಹುಡುಕಬಹುದು, ಏಕೆಂದರೆ ಅದರಲ್ಲಿ ಅಗ್ಗವೂ ಮೃದುವೂ ಆದ .38 ಸ್ಪೆಷಲ್ ತೋಟಾಗಳನ್ನೂ ಹಾರಿಸಬಹುದು. .38 ಸ್ಪೆಷಲ್ ರಿವಾಲ್ವರ್‌ನಲ್ಲಿ ಮಾತ್ರ .357 ತೋಟಾ ಹಾಕುವ ಪ್ರಯತ್ನವನ್ನೇ ಮಾಡಬಾರದು.

‘ಸಣ್ಣ ಅಳತೆಯಾದರೆ ಬಳಸಲು ಸುಲಭ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. .380 ಅಳತೆಯ ಹಲವು ಹಳೆಯ ಪಿಸ್ತೂಲುಗಳಲ್ಲಿ ಸ್ಲೈಡನ್ನು (ಹಿಂದೆ ಮುಂದೆ ಜಾರುವ ಮೇಲ್ಭಾಗವನ್ನು) ನಳಿಕೆಗೆ ಬಿಗಿದಿಡುವ ವ್ಯವಸ್ಥೆಯೇ ಇರುವುದಿಲ್ಲ. ಗುಂಡಿನ ಹೊಡೆತವನ್ನು ಬರಿಯ ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ತಡೆಯಬೇಕು. ಅದಕ್ಕಾಗಿ ಗಟ್ಟಿ ಸ್ಪ್ರಿಂಗ್ ಹಾಕಿರುತ್ತಾರೆ, ಪರಿಣಾಮವಾಗಿ ಅದರ ಸ್ಲೈಡ್ ಎಳೆಯುವುದು ಅನೇಕ 9 ಎಂಎಂ ಪಿಸ್ತೂಲುಗಳಿಗಿಂತ ಕಷ್ಟ. ಬೆರಳಲ್ಲಿ ಬಲ ಕಡಿಮೆ ಇರುವವರಿಗೆ ಇಂಥದನ್ನೇ ಶಿಫಾರಸು ಮಾಡುವ ಮಾರಾಟಗಾರರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಮೂರನೆಯ ಹೆಜ್ಜೆ: ಕೈಗೆ ಕೂರುವುದು

ಹೆಸರು, ಬಣ್ಣ, ಸ್ನೇಹಿತರ ಸಲಹೆ ಎಲ್ಲವನ್ನೂ ಬದಿಗಿಟ್ಟು ಆಯುಧವನ್ನು ಕೈಯಲ್ಲಿ ಹಿಡಿಯಿರಿ. ಹಿಡಿಯುವ ಮೊದಲೇ ಅದು ಖಾಲಿ ಎಂಬುದನ್ನು ನಿಮ್ಮ ಕಣ್ಣಿಂದ ನೋಡಬೇಕು, ಹಿಡಿದ ಮೇಲೂ ಅದರ ನಳಿಕೆ ಯಾವ ಮನುಷ್ಯನ ಕಡೆಗೂ ತಿರುಗಬಾರದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಯ ಮೇಲ್ತುದಿಗೆ ಒತ್ತಿ ಕೂತು, ನಳಿಕೆ ಮತ್ತು ಮುಂಗೈ ಒಂದೇ ಸಾಲಿನಲ್ಲಿ ಬಂದಾಗ, ತೋರುಬೆರಳಿನ ಮೊದಲ ಗೆಣ್ಣಿನ ತಿರುಳು ಟ್ರಿಗರ್‌ನ ನಡುವೆ ಸಹಜವಾಗಿ ಬೀಳಬೇಕು. ಬೆರಳಿನ ತುದಿಯಷ್ಟೇ ತಾಗಿದರೆ ಹಿಡಿ ದಪ್ಪವಾಯಿತು. ಮುಂದಿನ ಗೆಣ್ಣೂ ಸುತ್ತಿಕೊಂಡರೆ ಚಿಕ್ಕದಾಯಿತು. ಟ್ರಿಗರ್ ಎಳೆಯುವಾಗ ಬೆರಳಿನ ಬುಡ ಚೌಕಟ್ಟಿಗೆ ಉಜ್ಜುತ್ತಿದ್ದರೆ ಪ್ರತಿ ಗುಂಡೂ ಒಂದು ಬದಿಗೆ ವಾಲುತ್ತದೆ, ನೀವು ಮಾತ್ರ ದೋಷವನ್ನು ಕಣ್ಣಿನ ಮೇಲೆ ಹಾಕುತ್ತೀರಿ. ಹಿಡಿಯನ್ನು ಸಡಿಲಿಸದೆ ಹೆಬ್ಬೆರಳಿನಿಂದ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ತೋಟಾಗಳ ಡಬ್ಬಿ) ಬಿಡಿಸುವ ಗುಂಡಿಯನ್ನು ಮುಟ್ಟಲಾಗುತ್ತದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಬೇಕು.

ಗಾತ್ರದ ವಿಷಯದಲ್ಲಿ ನಾನು ಹಟ ಹಿಡಿದೇ ಹೇಳುತ್ತೇನೆ: ಮೊದಲ ಆಯುಧ 600 ಗ್ರಾಮಿಗಿಂತ ಹಗುರವಾಗಿರಬಾರದು. ಒಂದೇ ತೋಟಾದ ಒದೆತ ಭಾರದ ಆಯುಧದಲ್ಲಿ ತಗ್ಗುತ್ತದೆ, ಹಗುರದ್ದರಲ್ಲಿ ನೇರವಾಗಿ ಅಂಗೈಗೆ ಬಡಿಯುತ್ತದೆ. 400 ಗ್ರಾಂ ಆಸುಪಾಸಿನ ಮೊಂಡು ಮೂಗಿನ, ಅಂದರೆ ಗಿಡ್ಡ ನಳಿಕೆಯ, ಅಲ್ಯೂಮಿನಿಯಂ ರಿವಾಲ್ವರ್‌ಗಳನ್ನು ‘ಆರಂಭಿಕರಿಗೆ ಸರಳ’ ಎಂದು ಮಾರುವುದುಂಟು. ಅವುಗಳ ಟ್ರಿಗರ್ ಎಳೆಯಲು 5 ಕಿಲೋಗ್ರಾಮಿಗೂ ಹೆಚ್ಚು ಬಲ ಬೇಕಾಗುತ್ತದೆ, ಗುರಿಯ ಎರಡು ಚಿಹ್ನೆಗಳ ನಡುವಿನ ಅಂತರ ಗೇಣುದ್ದವೂ ಇರುವುದಿಲ್ಲ. ನುರಿತವರ ಕೈಯಲ್ಲಿ ಮಾತ್ರ ಅವು ಸರಿಯಾಗಿ ನಡೆಯುತ್ತವೆ. ಅವಕಾಶವಿದ್ದರೆ ಅಭ್ಯಾಸ ಕೇಂದ್ರದಲ್ಲಿ ಬಾಡಿಗೆಗೆ ಪಡೆದು ಎರಡು ಮೂರು ಮಾದರಿಗಳಲ್ಲಿ ಗುಂಡು ಹಾರಿಸಿ ನೋಡುವುದಕ್ಕಿಂತ ಒಳ್ಳೆಯ ಖರ್ಚು ಬೇರೊಂದಿಲ್ಲ.

ನಾಲ್ಕನೆಯ ಹೆಜ್ಜೆ: ಬಳಸಿದ್ದನ್ನು ಪರೀಕ್ಷಿಸುವುದು

ಇಲ್ಲಿ ಅವಸರ ಮಾಡಬೇಡಿ. ಬಳಸಿದ ಕೈಬಂದೂಕುಗಳಲ್ಲಿ ಪೊಲೀಸ್ ಇಲಾಖೆಗಳು ಬದಲಾಯಿಸಿ ಹೊರಬಿಟ್ಟವು ಸಾಮಾನ್ಯವಾಗಿ ಒಳ್ಳೆಯ ಖರೀದಿ; ವರ್ಷಗಟ್ಟಲೆ ಹೋಲ್‌ಸ್ಟರ್‌ನಲ್ಲಿ ಉಜ್ಜಿ ಹೊರಗಿನ ಬಣ್ಣ ಹೋಗಿರುತ್ತದೆ, ಆದರೆ ಹಾರಿಸಿದ ಗುಂಡುಗಳ ಲೆಕ್ಕ ಕಡಿಮೆಯಿರುತ್ತದೆ. ಜನ ಬಣ್ಣ ನೋಡಿ ಬೆಲೆ ಕಟ್ಟುತ್ತಾರಾದ್ದರಿಂದ ಲಾಭ ನಿಮ್ಮದು. ಅವುಗಳಲ್ಲಿರುವ, ಕತ್ತಲಲ್ಲಿ ಹೊಳೆಯುವ ಟ್ರಿಟಿಯಂ ಗುರಿಚಿಹ್ನೆಗಳಿಗೆ ಮಾತ್ರ ಹೆಚ್ಚುವರಿ ಹಣ ಕೊಡಬೇಡಿ: ಟ್ರಿಟಿಯಂನ ಬೆಳಕು ಸುಮಾರು 12 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ.

ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಹಿಂದಕ್ಕೆ ಲಾಕ್ ಮಾಡಿ, ಚೇಂಬರನ್ನು (ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗವನ್ನು) ಕಣ್ಣಿಂದ ನೋಡಿ ಕಿರುಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಿ. ಈ ಕ್ರಮ ಹಿಂದುಮುಂದಾದರೆ, ಎಳೆದ ಸ್ಲೈಡ್ ಮ್ಯಾಗಜೀನಿನಿಂದ ಹೊಸ ತೋಟಾವನ್ನು ಒಳಗೆ ತಳ್ಳುತ್ತದೆ, ಹಿಡಿದವನು ಖಾಲಿ ಮಾಡಿದೆನೆಂದುಕೊಂಡಿರುತ್ತಾನೆ. ಬಿಚ್ಚಿ ನೋಡಲು ಮಾರುವವರ ಒಪ್ಪಿಗೆ ಪಡೆಯಿರಿ. ಕೆಲವು ಪಿಸ್ತೂಲುಗಳನ್ನು, ಗ್ಲಾಕ್ ಅವುಗಳಲ್ಲೊಂದು, ಬಿಚ್ಚುವ ಮೊದಲು ಟ್ರಿಗರ್ ಎಳೆಯಲೇಬೇಕಾಗುತ್ತದೆ, ಆದ್ದರಿಂದ ಚೇಂಬರನ್ನು ಇನ್ನೊಮ್ಮೆ ನೋಡದೆ ಮುಂದುವರಿಯಬಾರದು.

ಬಿಚ್ಚಿದ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ತಿರುಚು ಗೀರುಗಳು ಅಂಚು ಚೂಪಾಗಿ ಕಾಣಬೇಕು. ಬೂದು ಬಣ್ಣದ ಮಸಿ ಇದ್ದರೆ ಚಿಂತೆಯಿಲ್ಲ, ತೊಳೆದರೆ ಹೋಗುತ್ತದೆ. ಸಣ್ಣ ಸಣ್ಣ ಕುಳಿಗಳು ಕಂಡರೆ ತುಕ್ಕು ಹಿಡಿದು ತಿಂದಿದೆ ಎಂದರ್ಥ, ಬೆಲೆ ಇಳಿಸಲು ಕೇಳಬಹುದು. ಆದರೆ ಒಂದು ಕಡೆ ಮಾತ್ರ ಉಂಗುರದಂತೆ ಕಪ್ಪು ನೆರಳು ಬಿದ್ದಿದ್ದರೆ ಅದನ್ನು ಅಲ್ಲೇ ಇಟ್ಟು ಹೊರಬನ್ನಿ: ಮದ್ದು ಕಡಿಮೆಯಿದ್ದ ತೋಟಾದ ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಾಗ ಹಿಂದಿನಿಂದ ಇನ್ನೊಂದು ಗುಂಡು ಹಾರಿಸಿದರೆ ಲೋಹ ಉಬ್ಬಿ ಇಂಥ ಗುರುತು ಬೀಳುತ್ತದೆ. ಹೊರಗಿನಿಂದ ಬೆರಳಾಡಿಸಿದಾಗಲೂ ಆ ಉಬ್ಬು ಕೆಲವೊಮ್ಮೆ ತಿಳಿಯುತ್ತದೆ.

ಮರುಜೋಡಿಸಿದ ಮೇಲೆ ಸ್ಲೈಡನ್ನು ಹಿಡಿದುಕೊಂಡೇ ನಿಧಾನವಾಗಿ ಮುಂದೆ ಬಿಡಿ, ನಳಿಕೆ ಮೇಲ್ಮುಖವಾಗಿರಲಿ. ಸ್ಪ್ರಿಂಗ್ ಗಟ್ಟಿಯಿದ್ದರೆ ಈ ಸ್ಥಿತಿಯಲ್ಲೂ ಸ್ಲೈಡ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹ್ಯಾಮರ್ (ಹಿಂಬದಿಯಲ್ಲಿ ಸುತ್ತಿಗೆಯಂತೆ ಬಡಿಯುವ ಭಾಗ) ಇರುವ ಪಿಸ್ತೂಲಾದರೆ ಅದನ್ನು ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹಿಂಬದಿಯಿಂದ ಒತ್ತಿ ನೋಡಿ. ಒತ್ತಿದಾಗ ಬಿದ್ದರೆ ಒಳಗಿನ ಕೊಕ್ಕೆ ಸವೆದಿದೆ ಅಥವಾ ಯಾರೋ ಟ್ರಿಗರ್ ಹಗುರ ಮಾಡಲು ಅರೆದಿದ್ದಾರೆ. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಹಾಕಿ ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ, ಬಳಿಕ ಸೇಫ್ಟಿ ತೆಗೆಯಿರಿ. ಟ್ರಿಗರ್ ಎಳೆದಾಗಲೂ ಹ್ಯಾಮರ್ ಬೀಳಬಾರದು, ಸೇಫ್ಟಿ ತೆಗೆದ ಕ್ಷಣದಲ್ಲೂ ಬೀಳಬಾರದು. ಈ ಎರಡನೆಯ ಭಾಗವನ್ನು ಹಲವರು ನೋಡುವುದೇ ಇಲ್ಲ. ಕೊನೆಗೆ ಖಾಲಿ ಮ್ಯಾಗಜೀನ್ ಹಾಕಿ ಸ್ಲೈಡ್ ಎಳೆದಾಗ ಅದು ಹಿಂದೆಯೇ ನಿಲ್ಲುತ್ತದೆಯೇ ನೋಡಿ, ಮ್ಯಾಗಜೀನಿನ ಮೇಲ್ತುಟಿಗಳು ಬಾಗಿವೆಯೇ ಎಂಬುದನ್ನು ಪರಿಶೀಲಿಸಿ. ಗುಂಡು ಸಿಕ್ಕಿಕೊಳ್ಳುವ ಪಿಸ್ತೂಲುಗಳಲ್ಲಿ ದೋಷ ಎಷ್ಟೋ ಬಾರಿ ಮ್ಯಾಗಜೀನಿನದ್ದೇ ಆಗಿರುತ್ತದೆ.

ತೋಟಾ ಇಲ್ಲದೆ ಟ್ರಿಗರ್ ಎಳೆದು ನೋಡುವುದು ಇಂದಿನ ಬಹುತೇಕ 9 ಎಂಎಂ ಪಿಸ್ತೂಲುಗಳಿಗೆ ಹಾನಿಯಲ್ಲ. .22ರಲ್ಲಿ ಹಾಗೆ ಮಾಡಬೇಡಿ, ಅದರ ಪಿನ್ ತೋಟಾದ ಅಂಚಿಗೆ ಹೊಡೆಯುವಂಥದು. ತೋಟಾ ಇಲ್ಲದಾಗ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಎರಡೂ ಕೆಡಬಹುದು.

ರಿವಾಲ್ವರ್‌ನ ಪರೀಕ್ಷೆ ಬೇರೆ. ಸಿಲಿಂಡರ್‌ಗೆ (ತೋಟಾಗಳು ಕೂರುವ, ತಿರುಗುವ ಉರುಳೆಗೆ) ಬೆರಳನ್ನು ಮೆಲ್ಲಗೆ ಒತ್ತಿಟ್ಟು ತುಸು ತಡೆಯೊಡ್ಡುತ್ತ ಹ್ಯಾಮರ್ ಅನ್ನು ಬಹಳ ನಿಧಾನವಾಗಿ ಎಳೆಯಿರಿ. ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಟಕ್ಕೆಂದು ಕೂರಬೇಕು, ಹೀಗೆ ಒಂದೊಂದು ಕೋಣೆಗೂ ನೋಡಬೇಕು. ಆರರಲ್ಲಿ ಒಂದು ತಡವಾಗಿ ಕೂತರೂ ಗುಂಡು ನಳಿಕೆಯ ಅಂಚನ್ನು ಸವರಿಕೊಂಡು ಹೋಗುತ್ತದೆ, ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದು 0.1ರಿಂದ 0.2 ಮಿಲಿಮೀಟರ್ ಇರುವುದು ಸರಿ. ವಾಹನಗಳ ಮೆಕ್ಯಾನಿಕ್ ಬಳಸುವ ಫೀಲರ್ ಗೇಜಿನಿಂದಲೇ ಇದನ್ನು ಅಳೆಯಬಹುದು. ಸಿನಿಮಾದಲ್ಲಿ ತೋರಿಸುವ ಹಾಗೆ ಮಣಿಕಟ್ಟು ಕೊಡವಿ ಸಿಲಿಂಡರನ್ನು ಫಟ್ಟನೆ ಮುಚ್ಚುವವರಿಂದ ರಿವಾಲ್ವರ್ ಕೊಳ್ಳಲೇಬೇಡಿ, ಸಿಲಿಂಡರನ್ನು ಹೊತ್ತಿರುವ ಲೋಹದ ತೋಳು ಬಾಗಿರುವ ಸಂಭವ ಹೆಚ್ಚು.

ಯಾವುದೇ ಬಗೆಯದಾದರೂ ಸ್ಕ್ರೂಗಳ ತಲೆಯನ್ನೊಮ್ಮೆ ನೋಡಿ. ಅವು ಜಜ್ಜಿಹೋಗಿದ್ದರೆ ಅರೆಬರೆ ಬಲ್ಲವರಾರೋ ಒಳಗೆ ಕೈಯಾಡಿಸಿದ್ದಾರೆ. ಕ್ರಮಸಂಖ್ಯೆ ಅಳಿಸಿದ್ದರೆ ಅಥವಾ ಉಜ್ಜಿದ್ದರೆ ಅದು ಖರೀದಿಯ ವಿಷಯವಾಗಿ ಉಳಿಯುವುದಿಲ್ಲ, ಪೊಲೀಸರ ವಿಷಯವಾಗುತ್ತದೆ.

ಐದನೆಯ ಹೆಜ್ಜೆ: ಜೊತೆಗೆ ಏನು ಕೊಳ್ಳಬೇಕು, ಏನು ಬೇಡ

ಎಲ್ಲ ಪಿಸ್ತೂಲುಗಳಿಗೂ ಹೊಂದುತ್ತದೆಂದು ಮಾರುವ ಮೆತ್ತನೆಯ ನೈಲಾನ್ ಹೋಲ್‌ಸ್ಟರ್ ಯಾವ ಪಿಸ್ತೂಲಿಗೂ ಹೊಂದುವುದಿಲ್ಲ. ಒಳ ಸೇರಿಸುವಾಗ ಅದರ ಬಾಯಿ ಮಡಿಸಿಕೊಂಡು ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರುವ ಅಪಾಯವಿದೆ. ನಿಮ್ಮ ಮಾದರಿಗೇ ಅಚ್ಚು ಹಾಕಿದ, ಟ್ರಿಗರ್ ಕಾವಲನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಮಾತ್ರ ಕೊಳ್ಳಬೇಕು. ಅಗ್ಗದ ಲೇಸರ್‌ಗಳು, ಹೊರಗಿನ ಕಂಪನಿಗಳ ಕಡಿಮೆ ಬೆಲೆಯ ಮ್ಯಾಗಜೀನ್‌ಗಳು, ಟ್ರಿಗರ್ ಹಗುರ ಮಾಡುವ ಸಾಮಾನುಗಳು ಯಾವುವೂ ಬೇಡ. ಆ ಹಣಕ್ಕೆ ಮೂಲ ತಯಾರಕರದೇ ಇನ್ನೆರಡು ಮ್ಯಾಗಜೀನ್ ತನ್ನಿ. ಬಿಡಿಯಾಗಿ ಚೀಲದಲ್ಲಿ ಸಿಗುವ, ಯಾರೋ ಮನೆಯಲ್ಲಿ ಮದ್ದು ತುಂಬಿದ ತೋಟಾಗಳನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಮೇಲೆ ಹೇಳಿದ ಉಬ್ಬಿದ ನಳಿಕೆಗಳ ಹಿಂದೆ ಇರುವುದು ಹೆಚ್ಚಾಗಿ ಇಂಥವೇ. ಬೀಗದ ಪೆಟ್ಟಿಗೆ ಆಯುಧ ಮನೆಗೆ ಬರುವ ಮೊದಲೇ ಬಂದು ಗೋಡೆಗೋ ನೆಲಕ್ಕೋ ಬಿಗಿದಿರಬೇಕು, ತೋಟಾಗಳಿಗೆ ಬೇರೆ ಬೀಗವಿರಬೇಕು.

ಆರನೆಯ ಹೆಜ್ಜೆ: ತಂದ ಮೇಲೆ

ಮೊದಲು ಶುಚಿಗೊಳಿಸಿ ತೆಳುವಾಗಿ ಎಣ್ಣೆ ಹಚ್ಚಿ. ಸ್ಲೈಡ್ ಜಾರುವ ಹಳಿಗಳ ಮೇಲೆ ಒಂದೊಂದು ಹನಿ ಸಾಕು, ತೊಟ್ಟಿಕ್ಕುವಷ್ಟು ಹಾಕಿದರೆ ಮಸಿಯೆಲ್ಲ ಅಂಟಿಕೊಂಡು ಕೆಸರಾಗುತ್ತದೆ. ಬಳಸಿದ ಪಿಸ್ತೂಲಾದರೆ ಸ್ಲೈಡಿನ ಸ್ಪ್ರಿಂಗನ್ನು ಹೊಸದಕ್ಕೆ ಬದಲಾಯಿಸಿ, ಅದು ಇಡೀ ಆಯುಧದಲ್ಲೇ ಅತಿ ಅಗ್ಗದ ರಿಪೇರಿ. ಅನಂತರ ತರಬೇತುದಾರರ ಎದುರಿನಲ್ಲಿ ಕನಿಷ್ಠ 200 ಗುಂಡು ಹಾರಿಸಿ. ಅದಕ್ಕೆ ಮೊದಲು ಪ್ರತಿ ಮ್ಯಾಗಜೀನಿನ ತಳಕ್ಕೆ ಬಣ್ಣದಿಂದ 1, 2, 3 ಎಂದು ಬರೆದಿಟ್ಟುಕೊಳ್ಳಿ: ಗುಂಡು ಸಿಕ್ಕಿಕೊಂಡದ್ದು ಪ್ರತಿ ಸಲವೂ 2ನೆಯದರಲ್ಲೇ ಆದರೆ ಪಿಸ್ತೂಲನ್ನು ಹಿಂದಿರುಗಿಸಬೇಕಾಗಿಲ್ಲ, ಆ ಮ್ಯಾಗಜೀನನ್ನು ಎಸೆದರಾಯಿತು.